ಕಿವಿ ಕೇಳದ ಬೆಳ್ಳಿ ಈಗ ಕರೆದರೆ ಬರುತ್ತಾಳೆ

ಕಳೆದ ಭಾನುವಾರ ಮೈಸೂರಿನ ನಮ್ಮ ಬಡಾವಣೆ ಹಿಂದಿನ ಮೈದಾನದಲ್ಲಿ ನಮ್ಮ ನಾಯಿ ಬೆಳ್ಳಿ ಹಂದಿಮರಿ ಹಿಂದೆ ಬಿದ್ದಿದ್ದಳು. ಹಗ್ಗ ಇರಲಿಲ್ಲ. ಅರವತ್ತು ಅಡಿ ಹೋದವಳು ನಿಂತು ತಿರುಗಿ ನೋಡಿದಳು. ನಾನು ಎದೆ ಮೇಲೆ ಅಂಗೈ ಇಟ್ಟೆ. ಹಂದಿಮರಿ ಬಿಟ್ಟು ಓಡಿ ಬಂದಳು. "ಕಿವುಡು ನಾಯಿನ ಜೀವಮಾನವಿಡೀ ಕಟ್ಟಿಯೇ ಸಾಕಬೇಕು" ಅಂದವರು ಪಕ್ಕದಲ್ಲೇ ಇದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೀದಿನಾಯಿಗಳನ್ನು ಕಾಪಾಡುವ ರೆಸ್ಕ್ಯೂ ಕೇಂದ್ರದಿಂದ ತಂದಾಗ ಅವಳಿಗೆ ಎರಡೂವರೆ ತಿಂಗಳು. ಪೂರ್ತಿ ಬಿಳಿ, ಒಂದು ಕಣ್ಣು ನೀಲಿ. ಇಂಥ ಬಿಳಿ ಮರಿಗಳಲ್ಲಿ ಕಿವುಡು ಜಾಸ್ತಿ. ಶಬ್ದಕ್ಕೆ ಮಿದುಳು ಸ್ಪಂದಿಸುತ್ತದಾ ಅಂತ ನೋಡುವ ಬೇರ್ (BAER) ಪರೀಕ್ಷೆ ಮಾಡಿಸಲಿಲ್ಲ. ಹಿಂದಿನಿಂದ ತಟ್ಟೆ ಬೀಳಿಸಿ ನೋಡಿದೆವು, ತಿರುಗಿದಳು! ಒಂದು ವಾರ ಖುಷಿಯಲ್ಲಿದ್ದೆವು. ಆಮೇಲೆ ಹಾಸಿಗೆ ಮೇಲೆ ಕೂರಿಸಿ ಬೀಗದ ಕೈ ಗೊಂಚಲು ಅಲ್ಲಾಡಿಸಿದರೆ ಏನೂ ಇಲ್ಲ. ತಟ್ಟೆ ಬಿದ್ದಾಗ ನೆಲ ಅದುರಿದ್ದು ಗೊತ್ತಾಗಿತ್ತು, ಅಷ್ಟೇ.

ಮೊದಲ ಪೆಟ್ಟು ಬಿದ್ದದ್ದು ಮಗನಿಗೆ. ಮಲಗಿದ್ದವಳನ್ನು ಮುಟ್ಟಿದ, ಕಚ್ಚಿಬಿಟ್ಟಳು. ಹೆಬ್ಬೆರಳ ಬುಡದಲ್ಲಿ ಎರಡು ಹಲ್ಲಿನ ಗುರುತು. ರೇಬೀಸ್ ಇಂಜೆಕ್ಷನ್ ಎಲ್ಲಾ ಆಯಿತು. ವಾಪಸ್ ಕೊಟ್ಟುಬಿಡಿ ಅಂತ ಮನೆಯಲ್ಲೇ ಮಾತು ಬಂತು. ನಾನು ಒಪ್ಪಲಿಲ್ಲ. ಎಚ್ಚರ ಇರುವಾಗ ಹೆಗಲು ಮುಟ್ಟಿ ತಕ್ಷಣ ಬೇಯಿಸಿದ ಕೋಳಿ ಲಿವರ್ ಕೊಡೋದು, ದಿನಕ್ಕೆ ಇಪ್ಪತ್ತು ಸಲ. ಆಮೇಲೆ ತೂಕಡಿಸುವಾಗ. ಕೊನೆಗೆ ಗಾಢ ನಿದ್ದೆಯಲ್ಲಿ, ಮೊದಲು ಲಿವರ್ ಮೂಗಿನ ಹತ್ತಿರ ಹಿಡಿದು. ಒಂದೂವರೆ ತಿಂಗಳಾಯಿತು. ಈಗ ಮಗ ಮುಟ್ಟಿದರೆ ಬಾಲ ಆಡಿಸುತ್ತಾ ಏಳುತ್ತಾಳೆ.

ದುಡ್ಡು ಹೋಗಿದ್ದು ವೈಬ್ರೇಷನ್ ಕಾಲರ್‌ಗೆ, ಅಂದರೆ ರಿಮೋಟ್ ಒತ್ತಿದರೆ ಅದುರುವ ಕತ್ತುಪಟ್ಟಿಗೆ. ಮೊದಲನೆಯದು ಸುಮಾರು 1,800 ರೂಪಾಯಿ. ನೇರ ಕತ್ತಿಗೆ ಹಾಕಿ ಒತ್ತಿದೆ, ಮಂಚದ ಕೆಳಗೆ ಹೋಗಿ ಕೂತವಳು ಸಂಜೆವರೆಗೂ ಬರಲಿಲ್ಲ. ತಪ್ಪು ನನ್ನದೇ, ಮೊದಲು ತಿಂಡಿ ಜೊತೆ ರೂಢಿ ಮಾಡಬೇಕಿತ್ತು. ಎರಡನೆಯದು ನಾಲ್ಕು ಸಾವಿರದ ಹತ್ತಿರ. ಅದೂ ಬೀರುವಿನಲ್ಲಿದೆ. ಗಮನ ಸೆಳೆಯಲು ಲೇಸರ್ ಲೈಟು ಮಾತ್ರ ಯಾರೂ ಮುಟ್ಟಬೇಡಿ. ಮೂರು ವಾರ ಗೋಡೆ ಮೇಲಿನ ಬಿಸಿಲಿನ ಚುಕ್ಕೆಗಳನ್ನೆಲ್ಲಾ ಹುಡುಕುತ್ತಾ ಊಟ ಮರೆತಿದ್ದಳು.

ಕೊನೆಗೆ ಕೆಲಸ ಮಾಡಿದ್ದು ಮೂವತ್ತು ಅಡಿ ಹತ್ತಿ ಹಗ್ಗ, ಇನ್ನೂರು ಚಿಲ್ಲರೆ. ಏನೂ ಕರೆಯೋದಿಲ್ಲ. ತಾನಾಗಿ ನನ್ನತ್ತ ನೋಡಿದಾಗಲೆಲ್ಲಾ ಹೆಬ್ಬೆರಳು ಎತ್ತಿ ಲಿವರ್. ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡೋದು ಅವಳಿಗೆ ಅಭ್ಯಾಸವಾಯಿತು. ನೋಡುವ ನಾಯಿಗೆ ಕೈಸನ್ನೆ ಕಲಿಸೋದು ಸುಲಭ, ಅಲ್ವಾ? ಲಿವರ್‌ಗೆ ನಾನು ಬೆರೆಸೋದು ಇನ್ನೊಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಪಕ್ಕದ ಮನೆಯ ಕಿವಿ ಕೇಳುವ ನಾಯಿಯನ್ನೂ ಜೊತೆಗೆ ಕರೆದೊಯ್ದು ನೋಡಿದೆ. ಕರೆದರೆ ಅದು ಬರುತ್ತಿತ್ತು, ಹಿಂದೆಯೇ ಇವಳೂ. ಆದರೆ ನನ್ನನ್ನು ನೋಡೋದೇ ಬಿಟ್ಟಳು, ಎರಡು ವಾರದಲ್ಲಿ ನಿಲ್ಲಿಸಿದೆ.

ಲಸಿಕೆ, ಕಾಲರ್, ಲಿವರ್ ಎಲ್ಲಾ ಸೇರಿ ಮೊದಲ ವರ್ಷ ಹದಿನೈದು ಸಾವಿರ ಆಗಿರಬಹುದು.

ರಾತ್ರಿ ಮಲಗುವಾಗ ಅವಳ ಬೆನ್ನು ನನ್ನ ಪಾದಕ್ಕೆ ತಾಗಿರಲೇಬೇಕು, ನಾನು ಎದ್ದರೆ ಗೊತ್ತಾಗಲಿ ಅಂತ. ನೀರು ಕುಡಿಯಲು ಏಳುವ ಮೊದಲು ಪಾದ ಸ್ವಲ್ಪ ಅಲ್ಲಾಡಿಸುತ್ತೇನೆ. ಅವಳು ಕಣ್ಣು ಬಿಟ್ಟು ನೋಡಿದ ಮೇಲೆಯೇ ಏಳೋದು.