ಮೊದಲನೇ ಕಾರಿಗೆ ಮುಕ್ಕಾಲು ದುಡ್ಡು ಸಾಕು

ಲೈಸೆನ್ಸ್ ಕೈಗೆ ಬಂದ ವಾರ ಎಲ್ಲರಿಗೂ ಒಂದೇ ಹುಚ್ಚು. ರಾತ್ರಿ ಮಲಗುವವರೆಗೂ ಮೊಬೈಲಿನಲ್ಲಿ ಕಾರುಗಳ ಫೋಟೋ ನೋಡುವುದು, ಅದರಲ್ಲೂ ನಮ್ಮ ಬಜೆಟ್‌ಗಿಂತ ಸ್ವಲ್ಪ ಮೇಲಿರುವುದನ್ನೇ ಹುಡುಕಿ ಹುಡುಕಿ ನೋಡುವುದು. ನಾನೂ ಅದನ್ನೇ ಮಾಡಿದ್ದೆ, ಅನುಭವಿಸಿದೆ. ನೀವು ಫೋಟೋ ಪಕ್ಕಕ್ಕಿಡಿ, ಮೊದಲು ಒಂದು ಹಾಳೆ ತೆಗೆದುಕೊಂಡು ಲೆಕ್ಕ ಬರೆಯಿರಿ.

ಇರುವ ದುಡ್ಡನ್ನೆಲ್ಲ ಕಾರಿಗೇ ಸುರಿಯಬೇಡಿ. ಮುಕ್ಕಾಲು ಭಾಗದಲ್ಲಿ ಕಾರು ಬರಬೇಕು, ಕಾಲು ಭಾಗ ಕೈಯಲ್ಲಿ ಉಳಿಯಬೇಕು. ಯಾಕೆಂದರೆ ಸೆಕೆಂಡ್ ಹ್ಯಾಂಡ್ ಕಾರು ಮನೆಗೆ ಬಂದ ಮೂರ್ನಾಲ್ಕು ತಿಂಗಳಲ್ಲಿ ಏನಾದರೂ ಒಂದು ಕೇಳಿಯೇ ಕೇಳುತ್ತದೆ, ಒಂದು ಬ್ಯಾಟರಿ, ಎರಡು ಟೈರು, ಬ್ರೇಕ್ ಪ್ಯಾಡ್, ಹೀಗೆ. ಆಗ ಕೈ ಖಾಲಿ ಇದ್ದರೆ ಸವೆದ ಬ್ರೇಕ್‌ನಲ್ಲೇ "ಮುಂದಿನ ತಿಂಗಳು ನೋಡೋಣ" ಅಂತ ಓಡಾಡುತ್ತೀರಿ. ಹೊಸ ಡ್ರೈವರ್‌ಗೆ ಅದಕ್ಕಿಂತ ಕೆಟ್ಟ ಉಳಿತಾಯ ಬೇರೆ ಇಲ್ಲ.

ಇನ್ಶೂರೆನ್ಸ್ ಕೂಡ ಇದೇ ಲೆಕ್ಕದಲ್ಲಿ ಬರಲಿ. ಬಹಳ ದೇಶಗಳಲ್ಲಿ ವಯಸ್ಸು ಚಿಕ್ಕದು, ಅನುಭವ ಕಡಿಮೆ ಅಂದರೆ ಪ್ರೀಮಿಯಂ ಜಾಸ್ತಿ. ಅದೇ ಡ್ರೈವರ್‌ಗೆ ಒಂದು ಕಾರಿಗೆ ಒಂದು ರೇಟು, ಇನ್ನೊಂದಕ್ಕೆ ಇನ್ನೊಂದು ರೇಟು. ಆದ್ದರಿಂದ ಕಾರು ಒಪ್ಪಿಕೊಂಡ ಮೇಲೆ ವಿಮೆ ವಿಚಾರಿಸುವುದಲ್ಲ, ಒಪ್ಪಿಕೊಳ್ಳುವ ಮೊದಲೇ ಆ ಮಾಡೆಲ್‌ಗೆ ಎಷ್ಟಾಗುತ್ತದೆ ಅಂತ ಕೇಳಿ. ದಿನಾ ಓಡಿಸುವುದು ನೀವು, ಕಾಗದದಲ್ಲಿ ಮಾತ್ರ ಅಪ್ಪನೇ ಮುಖ್ಯ ಚಾಲಕ ಅಂತ ತೋರಿಸುವ ಜಾಣತನ ಬೇಡ. ಅಪಘಾತ ಆದ ದಿನ ಆ ಸುಳ್ಳೇ ಕ್ಲೇಮ್‌ಗೆ ಅಡ್ಡ ಬರಬಹುದು.

ಹೊಸದಾ, ಹಳೆಯದಾ? ನನ್ನ ಮಟ್ಟಿಗೆ ಹಳೆಯದೇ. ಹೊಸ ಕಾರಿನ ಬೆಲೆ ಜೋರಾಗಿ ಬೀಳುವುದು ಮೊದಲ ವರ್ಷ. ಹೊಸ ಡ್ರೈವರ್ ಕಾರನ್ನು ಗೇಟಿಗೆ, ಕಂಬಕ್ಕೆ ಉಜ್ಜುವುದೂ ಮೊದಲ ವರ್ಷವೇ. ಎರಡೂ ಒಂದೇ ವರ್ಷ ಬೀಳುವುದಕ್ಕೆ ದುಡ್ಡು ಕೊಡಬೇಕಾ? ನಾಲ್ಕರಿಂದ ಎಂಟು ವರ್ಷ ವಯಸ್ಸಿನ ಸಣ್ಣ ಹ್ಯಾಚ್‌ಬ್ಯಾಕ್, 1.0 ಅಥವಾ 1.2 ಲೀಟರ್ ಪೆಟ್ರೋಲ್ ಎಂಜಿನ್, ರಸ್ತೆಯಲ್ಲಿ ಬೇಕಾದಷ್ಟು ಓಡಾಡುವ ಮಾಡೆಲ್, ಅಂದರೆ ಯಾವ ಮೆಕ್ಯಾನಿಕ್ ಹತ್ತಿರ ಹೋದರೂ ಸ್ಪೇರ್ ಪಾರ್ಟ್ ಸಿಗುವಂಥದ್ದು. ನೋಡೋಕೆ ಸಪ್ಪೆ ಇರಬಹುದು. ಇರಲಿ ಬಿಡಿ. ಅಪರೂಪದ ಮಾಡೆಲ್ ಅಗ್ಗಕ್ಕೆ ಸಿಕ್ಕರೆ ಅದರ ಒಂದು ಹೆಡ್‌ಲೈಟ್ ಬೆಲೆ ಕೇಳಿ ನೋಡಿ, ಆಸೆ ತಾನಾಗಿ ಇಳಿಯುತ್ತದೆ. ಸಸ್ಪೆನ್ಷನ್ ಇಳಿಸಿ, ಸೈಲೆನ್ಸರ್ ಬದಲಾಯಿಸಿ ಶೋಕಿ ಮಾಡಿದ ಕಾರಿನ ಹತ್ತಿರ ಹೋಗಲೇಬೇಡಿ.

ಡೀಸೆಲ್ ಮೈಲೇಜ್ ಕೊಡುತ್ತದೆ, ನಿಜ. ಆದರೆ ಈಗಿನ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಅದು ಚೆನ್ನಾಗಿ ಬಿಸಿಯಾದರೆ ಮಾತ್ರ ಒಳಗಿನ ಮಸಿಯನ್ನು ಸುಟ್ಟುಕೊಳ್ಳುತ್ತದೆ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸಿದರೆ ಕಟ್ಟಿಕೊಳ್ಳುತ್ತದೆ, ಖರ್ಚು ದೊಡ್ಡದು. ಹಳೆಯ ಎಲೆಕ್ಟ್ರಿಕ್ ಕಾರಾದರೆ ಬ್ಯಾಟರಿಯಲ್ಲಿ ಎಷ್ಟು ಜೀವ ಉಳಿದಿದೆ ಅನ್ನುವ ರಿಪೋರ್ಟ್ ಇಲ್ಲದೆ ಮಾತೇ ಬೇಡ.

ಸೇಫ್ಟಿಯಲ್ಲಿ ಚೌಕಾಸಿ ಮಾಡಬೇಡಿ. ಏರ್‌ಬ್ಯಾಗ್, ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವುದು) ಬೇಕೇ ಬೇಕು. ಅವುಗಳ ಜೊತೆಗೆ ಇಎಸ್‌ಸಿ, ಅಂದರೆ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಇದ್ದರೆ ಆ ಕಾರಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ತಪ್ಪಿಲ್ಲ. ಹೊಸಬರು ತಿರುವಿನಲ್ಲಿ ವೇಗ ಅಂದಾಜು ಮಾಡುವುದರಲ್ಲಿ ಎಡವುತ್ತಾರೆ, ಒದ್ದೆ ರಸ್ತೆಯಲ್ಲಿ ಕಾರು ಜಾರತೊಡಗಿದಾಗ ಇಎಸ್‌ಸಿ ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರಲು ನೋಡುತ್ತದೆ. ನೀವು ಗಾಬರಿಯಾಗಿ ಕಣ್ಣು ಬಿಡುವಷ್ಟರಲ್ಲಿ ಅದರ ಕೆಲಸ ಆಗಿರುತ್ತದೆ. ಕ್ರ್ಯಾಶ್ ಟೆಸ್ಟ್ ಸ್ಟಾರ್ ನೋಡುವಾಗ ಯಾವ ವರ್ಷದ ಟೆಸ್ಟ್ ಅಂತಲೂ ನೋಡಿ. ಯುರೋಪಿನಲ್ಲಿ ಕಾರುಗಳ ಕ್ರ್ಯಾಶ್ ಟೆಸ್ಟ್ ಮಾಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ 1997ರಿಂದ ಸ್ಟಾರ್ ಕೊಡುತ್ತಿದೆ, ನಿಯಮ ಮಾತ್ರ ಆಗಾಗ ಬಿಗಿಯಾಗುತ್ತಲೇ ಬಂದಿದೆ, ಹಾಗಾಗಿ 2008ರ ಐದು ಸ್ಟಾರ್ ಬೇರೆ, 2020ರ ಐದು ಸ್ಟಾರ್ ಬೇರೆ.

ಇನ್ನು ಕಾರು ನೋಡಲು ಹೋಗುವುದು. ನನ್ನ ಮೊದಲ ಕಾರು ನೋಡಲು ಹೋದಾಗ ಮಾರುವವರು ಎಂಜಿನ್ ಸ್ಟಾರ್ಟ್ ಮಾಡಿಟ್ಟೇ ನಿಂತಿದ್ದರು. ಪಾಪ, ನಮಗೋಸ್ಕರ ರೆಡಿ ಮಾಡಿಟ್ಟಿದ್ದಾರೆ, ಎಷ್ಟು ಒಳ್ಳೆಯವರು ಅಂದುಕೊಂಡೆ. ಮನೆಗೆ ತಂದ ಮಾರನೇ ದಿನ ಬೆಳಿಗ್ಗೆ ಕೀ ತಿರುಗಿಸಿದರೆ ಹಿಂದೆ ನೀಲಿ ಹೊಗೆ, ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುವಷ್ಟು. ಎಂಜಿನ್ ಆಯಿಲ್ ಕುಡಿಯುತ್ತಿತ್ತು, ಬಿಸಿಯಾದ ಮೇಲೆ ಅದು ಅಷ್ಟಾಗಿ ಕಾಣುತ್ತಿರಲಿಲ್ಲ. ಅವತ್ತಿನಿಂದ ಯಾರ ಕಾರು ನೋಡಲು ಹೋದರೂ ಮೊದಲು ಬಾನೆಟ್ ಮೇಲೆ ಕೈಯಿಡುತ್ತೇನೆ. ಬೆಚ್ಚಗಿದ್ದರೆ "ನಾಳೆ ಬೆಳಿಗ್ಗೆ ಬರುತ್ತೇವೆ, ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ ವಾಪಸ್. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಹಿಂದೆ ಒಬ್ಬರನ್ನು ನಿಲ್ಲಿಸಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಅಂದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಬಿಳಿ ಹೊಗೆ ಚಳಿಯಲ್ಲಿ ಎರಡು ನಿಮಿಷ ಬಂದು ನಿಂತರೆ ಬರೀ ಆವಿ, ನಿಲ್ಲದೆ ಬರುತ್ತಿದ್ದರೆ ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಎಂಜಿನ್ ಒಳಗೆ ಹೋಗಿ ಉರಿಯುತ್ತಿರಬಹುದು.

ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡ್ ನೋಡುವುದನ್ನು ಮರೆಯಬೇಡಿ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಲೈಟುಗಳು ಒಮ್ಮೆ ಹೊತ್ತಿ ಆಮೇಲೆ ಆರಬೇಕು. ಆರದಿದ್ದರೆ ತೊಂದರೆ ಇದೆ ಅಂತ ಎಲ್ಲರಿಗೂ ಗೊತ್ತು. ಹೊತ್ತಲೇ ಇಲ್ಲ ಅಂದರೆ ತೊಂದರೆಯನ್ನು ಯಾರೋ ಮುಚ್ಚಿಟ್ಟಿರಬಹುದು, ಅದು ಇನ್ನೂ ಕೆಟ್ಟದ್ದು.

ಟೈರ್ ಹತ್ತಿರ ಕುಕ್ಕರಗಾಲಲ್ಲಿ ಕೂತು ಅದರ ಪಕ್ಕದ ಮೈ ಮೇಲೆ ಬರೆದದ್ದನ್ನು ಓದಿ. DOT (ಡಾಟ್) ಅನ್ನುವ ಅಕ್ಷರಗಳಿರುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಗೀರುಗಳು ಎಷ್ಟೇ ಆಳವಿರಲಿ, ಹತ್ತು ವರ್ಷದ ರಬ್ಬರ್ ಬೇಡ. ಒಳಅಂಚು ಮಾತ್ರ ಸವೆದಿದ್ದರೆ ಚಕ್ರಗಳ ಅಲೈನ್‌ಮೆಂಟ್ ತಪ್ಪಿರಬಹುದು, ಅಥವಾ ಕಾರು ಎಲ್ಲೋ ಜೋರಾಗಿ ಬಡಿದಿರಬಹುದು. ಹಾಗೇ ಎದ್ದು ನಿಂತು ಬಾಗಿಲು, ಬಾನೆಟ್ ನಡುವಿನ ಸಂದುಗಳನ್ನು ನೋಡಿ, ಎರಡೂ ಕಡೆ ಒಂದೇ ಸಮ ಇದೆಯಾ ಅಂತ. ಮೀಟರ್‌ನಲ್ಲಿ ಮೂವತ್ತು ಸಾವಿರ ಕಿಲೋಮೀಟರ್, ಬ್ರೇಕ್ ಪೆಡಲ್‌ನ ರಬ್ಬರ್ ಮಾತ್ರ ನುಣ್ಣಗೆ ಸವೆದುಹೋಗಿದೆ ಅಂದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ಪೆಡಲ್ ಸುಳ್ಳು ಹೇಳುವುದಿಲ್ಲ, ಅಲ್ವಾ?

ಓಡಿಸಿ ನೋಡುವಾಗ ಮ್ಯೂಸಿಕ್ ಆಫ್. ಮಾರುವವರು ಸುಮ್ನೆ ಮಾತಾಡಿಸುತ್ತಿದ್ದರೆ "ಐದು ನಿಮಿಷ ಇರಿ" ಅನ್ನಿ. ಅರ್ಧ ಗಂಟೆಯಾದರೂ ಓಡಿಸಬೇಕು, ಹಂಪ್ ಮೇಲೆ ಹತ್ತಿಸಬೇಕು, ಖಾಲಿ ರಸ್ತೆಯಲ್ಲಿ ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಒಮ್ಮೆ ಗಟ್ಟಿಯಾಗಿ ಬ್ರೇಕ್ ಹಾಕಬೇಕು, ಕಾರು ಒಂದು ಪಕ್ಕಕ್ಕೆ ಎಳೆಯಬಾರದು. ಕ್ಲಚ್ ಪರೀಕ್ಷೆ ಸುಲಭ. ನಿಂತಲ್ಲೇ ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ನಿಧಾನ ಬಿಡಿ. ಎಂಜಿನ್ ಆಫ್ ಆದರೆ ಕ್ಲಚ್ ಗಟ್ಟಿ ಇದೆ. ಆಫ್ ಆಗದೆ ಗುರ್ ಅಂತಲೇ ಇದ್ದರೆ ಜಾರುತ್ತಿದೆ. ಒಂದೇ ಸಲ ಮಾಡಿ ಸಾಕು, ಕಾರು ಇನ್ನೂ ಅವರದ್ದು.

ಮುಖ್ಯವಾಗಿ ಓಡಿಸುವವರೇ ಕೂತು ನೋಡಬೇಕು. ದೊಡ್ಡವರು ಓಡಿಸಿ ನೋಡಿ ಒಪ್ಪಿ ತಂದ ಕಾರಿನಲ್ಲಿ ಹುಡುಗಿಗೆ ಕ್ಲಚ್ ಪೂರ್ತಿ ತುಳಿಯಲು ಕಾಲೇ ಎಟುಕದೆ ಬೆನ್ನಿಗೆ ದಿಂಬು ಇಟ್ಟುಕೊಂಡು ಓಡಿಸಿದ್ದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ರಿವರ್ಸ್ ತೆಗೆದು ನೋಡಿ, ಹಿಂದಿನ ಗಾಜಿನಿಂದ ಏನೂ ಕಾಣದಿದ್ದರೆ ಬೇರೆ ಕಾರು ನೋಡಿ.

ಕಾಗದಪತ್ರದಲ್ಲಿ ಚಾಸಿ ನಂಬರ್ 17 ಅಕ್ಷರ-ಅಂಕಿಗಳದ್ದು, ಒಂದೊಂದಾಗಿ ಕಾರಿನ ಮೇಲಿನದರ ಜೊತೆ ತಾಳೆ ನೋಡಿ. ಸಾಲ ಬಾಕಿ ಇದೆಯಾ, ಮಾರುವವರ ಹೆಸರಲ್ಲೇ ಇದೆಯಾ ನೋಡಿ. ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳಕ್ಕೆ ಸರಿಯಾಗಿ ಓಡಿಸುವ ಬೆಲ್ಟ್) ಇರುವ ಎಂಜಿನ್ ಆದರೆ "ಚೇಂಜ್ ಮಾಡಿಸಿದ್ದೇವೆ" ಅನ್ನುವ ಮಾತಿಗೆ ಬೆಲೆ ಇಲ್ಲ, ಬಿಲ್ ಬೇಕು. ಓಡುವಾಗ ಆ ಬೆಲ್ಟ್ ಹರಿದರೆ ಬಹಳ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಆಮೇಲೆ ಎಂಜಿನ್ನೇ ಬಿಚ್ಚಬೇಕು. ಇಷ್ಟೆಲ್ಲ ನೋಡಿ ಮನಸ್ಸು ಒಪ್ಪಿದ ಮೇಲೆ ನಿಮ್ಮ ಕಡೆಯ ಮೆಕ್ಯಾನಿಕ್‌ಗೆ ಫೀಸು ಕೊಟ್ಟು ಒಮ್ಮೆ ತೋರಿಸಿ. ಮಾರುವವರು ಒಪ್ಪದಿದ್ದರೆ ಉತ್ತರ ಸಿಕ್ಕಂತೆಯೇ.

ಕಾರು ಮನೆಗೆ ಬಂದ ವಾರವೇ ಎಂಜಿನ್ ಆಯಿಲ್, ಫಿಲ್ಟರ್, ವೈಪರ್ ಬದಲಾಯಿಸಿ, ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಅದನ್ನೂ. ಎತ್ತಿಟ್ಟ ಕಾಲು ಭಾಗ ಇದ್ದದ್ದು ಇದಕ್ಕೇ. ಮೊದಲ ಗೀರು ಬಿದ್ದಾಗ ಮಾತ್ರ ಪೇಂಟ್ ಮಾಡಿಸಲು ಓಡಬೇಡಿ. ಒಂದು ವರ್ಷ ಕಾಯಿರಿ, ಇನ್ನೂ ಬೀಳುತ್ತವೆ, ಎಲ್ಲಾ ಸೇರಿಸಿ ಒಟ್ಟಿಗೆ ಮಾಡಿಸಿದರಾಯಿತು.