ಟ್ಯಾಂಕಿನ ನೀರು 33 ಡಿಗ್ರಿ ಇದ್ದರೂ ಬಿಯರ್ ವರ್ಟ್ 20ಕ್ಕೆ ಇಳಿಸಿದ್ದು: ನನ್ನ ಅನುಭವ

ಮನೆಯಲ್ಲಿ ಬಿಯರ್ ಮಾಡುವಾಗ ಕುದಿಸಿದ ವರ್ಟ್, ಅಂದರೆ ಮಾಲ್ಟಿನ ಸಿಹಿ ರಸ, ಯೀಸ್ಟ್ ಹಾಕುವ ಮೊದಲು ತಣ್ಣಗಾಗಬೇಕು. ಅದನ್ನು ತಣಿಸುವ ಸಾಧನವೇ ಚಿಲ್ಲರ್. ಮುಂಬೈ ಕಡೆ ಚಿಲ್ಲರ್‌ಗೆ ದುಡ್ಡು ಹಾಕೋದು ದಂಡ ಅಂತ ಬಿಯರ್ ಮಾಡುವ ಗೆಳೆಯರೆಲ್ಲ ಹೇಳಿದ್ದರು. ಅವರು ಹೇಳಿದ್ದಕ್ಕೂ ಕಾರಣವಿತ್ತು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಟೆರೇಸ್ ಟ್ಯಾಂಕಿನ ನೀರು ಮೇ ತಿಂಗಳಲ್ಲಿ 32-33 ಡಿಗ್ರಿ ಇರುತ್ತದೆ. ಅದನ್ನು ಎಷ್ಟು ಹರಿಸಿದರೂ ವರ್ಟ್ ಅದಕ್ಕಿಂತ ಕೆಳಗೆ ಇಳಿಯಲ್ಲ.

ಬಿಸಿಬಿಸಿ ಡಬ್ಬಕ್ಕೆ ಸುರಿದು ರಾತ್ರಿಯಿಡೀ ಬಿಡು ಅಂದರು. ಬಿಟ್ಟೆ. ಕೊನೆಗೆ ಹಾಕಿದ ಹಾಪ್ಸ್ (ಬಿಯರಿಗೆ ಪರಿಮಳ, ಕಹಿ ಕೊಡುವ ಹೂವು) 80 ಡಿಗ್ರಿ ಮೇಲೆ ಗಂಟೆಗಟ್ಟಲೆ ಕೂತು ಪರಿಮಳ ಹೋಯಿತು, ಕಹಿ ಉಳಿಯಿತು. ಆಮೇಲೆ ಟಬ್ಬಿನಲ್ಲಿ ಮೀನು ಮಾರ್ಕೆಟಿನ ಐಸ್ ತುಂಬಿ ಪಾತ್ರೆಯನ್ನೇ ಇಳಿಸಿದೆ. ಅಂಚು ತಣ್ಣಗಾಯಿತು, ನಡು ಕುದಿಯುತ್ತಲೇ ಇದ್ದ ಹಾಗಿತ್ತು, ಐಸ್ ಪೂರ್ತಿ ಕರಗಿತು, ಎರಡು ಗಂಟೆ ಹೋಯಿತು. ತೆಳು ತಗಡುಗಳ ಸಂದಿಯಲ್ಲಿ ವರ್ಟ್ ಹರಿಸುವ ಪ್ಲೇಟ್ ಚಿಲ್ಲರ್ ಸೆಕೆಂಡ್ ಹ್ಯಾಂಡ್ ತಂದೆ, ಸುಮಾರು 6,000. ಹಾಪ್ಸ್ ಚೂರು ಸಿಕ್ಕಿಕೊಂಡು ಕಟ್ಟಿಕೊಳ್ಳೋದು ತಪ್ಪಲಿಲ್ಲ, ಅರ್ಧ ಬೆಲೆಗೆ ಮಾರಿದೆ.

ಈಗಿನ ಚಿಲ್ಲರ್ ಎಸಿ ರಿಪೇರಿಯವರು ಬಳಸುವ ತಾಮ್ರದ ಪೈಪ್, 3/8 ಇಂಚು, 50 ಅಡಿ, ನಾಲ್ಕು ಸಾವಿರದ ಆಸುಪಾಸು. ಜೊತೆಗೆ ಮುಂಬೈನ ಎಲೆಕ್ಟ್ರಿಕಲ್ ಮಾರ್ಕೆಟ್ ಲೋಹಾರ್ ಚಾಳ್‌ನಿಂದ ಏರ್ ಕೂಲರ್ ಪಂಪು, ಮುನ್ನೂರು ರೂಪಾಯಿ ಒಳಗೆ. ಪೈಪ್ ಮಡಚಿಕೊಳ್ಳದ ಹಾಗೆ ನಾನೇ ಸುರುಳಿ (ಕಾಯಿಲ್) ಸುತ್ತಿದ್ದು, ಅಂಗಡಿಯವನೇ ಫೋಟೋ ತೆಗೆದುಕೊಂಡ! ಅದನ್ನು ವರ್ಟ್‌ನಲ್ಲಿ ಮುಳುಗಿಸಿ ಒಳಗೆ ನೀರು ಹರಿಸೋದು.

ಗುಟ್ಟು ಇಷ್ಟೇ, ಶುರುವಿಗೇ ಐಸ್ ಬೇಡ. 20 ಲೀಟರ್ ವರ್ಟ್ ಕುದಿಯಿಂದ 20ಕ್ಕೆ ಪೂರ್ತಿ ಐಸಿನಲ್ಲೇ ಇಳಿಸಲು ಹೊರಟರೆ ಹತ್ತಿರ ಹತ್ತಿರ 20 ಕಿಲೋ ಬೇಕು. ಮೊದಲು ಟ್ಯಾಂಕಿನ ನೀರೇ ಹರಿಸಿ 45ಕ್ಕೆ ತನ್ನಿ. ಕುದಿಯುವ ವರ್ಟಿಗೆ 33 ಡಿಗ್ರಿ ನೀರೂ ತಣ್ಣೀರೇ ಅಲ್ವಾ? ಹತ್ತು ಹನ್ನೆರಡು ನಿಮಿಷ ಸಾಕು. ಮೊದಲು ಬರುವ ಬಕೆಟ್‌ಗಳ ನೀರು ಕೈ ಸುಡುತ್ತದೆ, ಅದು ಪಾತ್ರೆ ತೊಳೆಯಲು. ಉಳಿದದ್ದು ವಾಷಿಂಗ್ ಮೆಷಿನ್‌ಗೆ, ಇಲ್ಲದಿದ್ದರೆ ಮನೆಯಲ್ಲಿ ಜಗಳ. ನಂತರ ಬಕೆಟ್‌ನಲ್ಲಿ ಸ್ವಲ್ಪ ನೀರು, 8 ಕಿಲೋ ಐಸ್, ಪಂಪು. ಕಾಯಿಲಿನಿಂದ ಬಂದ ನೀರು ಮತ್ತೆ ಅದೇ ಬಕೆಟ್‌ಗೆ. ಇನ್ನೊಂದು ಹದಿನೈದು ನಿಮಿಷಕ್ಕೆ 20. ಐಸ್ ಖರ್ಚು ನೂರು ದಾಟಲ್ಲ. ಬಕೆಟ್‌ಗೆ ನಾನು ಇನ್ನೊಂದು ಸಾಮಾನೂ ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಕಾಯಿಲನ್ನು ಮೆಲ್ಲಗೆ ಆಡಿಸುತ್ತಲೇ ಇರಬೇಕು. ಸುಮ್ನೆ ಬಿಟ್ಟರೆ ಪೈಪ್ ಸುತ್ತಲಿನ ವರ್ಟ್ ಮಾತ್ರ ತಣ್ಣಗಾಗುತ್ತದೆ. ಇದು ಚೆನ್ನಾಗಿ ಗೊತ್ತಾಗಿದ್ದು ಬೇರೆ ಕಡೆ. ಪಕ್ಕದ ಮನೆಯ ಉಡುಪಿ ಕಡೆಯ ಅಕ್ಕ ಬಂದು, "ಎಂತ ಮಾರಾಯ್ರೆ, ಇದರಲ್ಲಿ ರಾಗಿ ಅಂಬಲಿ ತಣಿಸ್ಲಿಕ್ಕೆ ಆಗ್ತದಾ?" ಅಂದರು. ನೋಡೋಣ ಅಂತ ಇಳಿಸಿದೆ. ಪೈಪಿಗೆ ಒಂದು ಬೆರಳು ದಪ್ಪ ಅಂಬಲಿ ಅಂಟಿಕೊಂಡು ಗಟ್ಟಿಯಾಯಿತು, ಉಳಿದದ್ದು ಹಾಗೇ ಬಿಸಿ. ಸುರುಳಿಯ ಸಂದಿಯಿಂದ ರಾಗಿ ತೆಗೆಯೋದರಲ್ಲೇ ಸಂಜೆಯಾಯಿತು. ಅಕ್ಕ ಮಜ್ಜಿಗೆ ಸುರಿದು ಅಂಬಲಿ ತಣಿಸಿಕೊಂಡರು.

ಐಸ್ ತರೋದೇ ಕಷ್ಟ ಅನ್ನುವವರು ಕ್ವೈಕ್ ಅನ್ನುವ ನಾರ್ವೆಯ ಯೀಸ್ಟ್ ನೋಡಿ. ಅದಕ್ಕೆ 35 ಡಿಗ್ರಿಯೂ ನಡೆಯುತ್ತದೆ, ಟ್ಯಾಂಕಿನ ನೀರೇ ಸಾಕು. ಅದರ ಕಿತ್ತಳೆ ವಾಸನೆ ನನಗೆ ಅಷ್ಟು ಹಿಡಿಸಲ್ಲ.

ಕೊನೆಯದಾಗಿ, ಪೈಪ್ ಕ್ಲಾಂಪ್ ಪಾತ್ರೆಯ ಅಂಚಿನಿಂದ ಹೊರಗಿರಲಿ. ಸೋರಿದರೆ ನೆಲಕ್ಕೆ ಸೋರಲಿ.