ಎಳ್ಳಮಾವಾಸ್ಯೆಯನ್ನು ಸ್ಲ್ಯಾಬಿನ ಲೆಕ್ಕಕ್ಕೆ ಸೇರಿಸಿದ ಮೇಲೆ

ಪುಣೆಯ ಪುನಾವಳೆಯಲ್ಲಿ ನಮ್ಮ ಕಟ್ಟಡದ ಬಿ ವಿಂಗಿನ ಕೊನೆಯ ಸ್ಲ್ಯಾಬ್ (ಮಹಡಿಯ ಕಾಂಕ್ರೀಟ್ ಹಾಸು) ಹಾಕಿ ಮುಗಿದ ಸಂಜೆ ಪ್ಲಾನಿಂಗ್ ವಿಭಾಗದವರೇ ಪೇಡೆಯ ಡಬ್ಬಿ ಹಿಡಿದು ಬಂದರು. ಆ ವರ್ಷದ ಯುಗಾದಿಯಲ್ಲಿ ಇದೇ ಜನ ನನ್ನನ್ನು ‘ಪಂಚಾಂಗ ನೋಡಿ ಪ್ರೈಮಾವೆರಾ ಮಾಡುವವನು’ ಎಂದು ಆಡಿಕೊಂಡಿದ್ದರು; ಪ್ರೈಮಾವೆರಾ ಎಂದರೆ ಕಾಮಗಾರಿಯ ವೇಳಾಪಟ್ಟಿ ಹಾಕುವ ಸಾಫ್ಟ್‌ವೇರ್. ಪೇಡೆ ತಿಂದೆ. ಲೆಕ್ಕವನ್ನೂ ಹೇಳಿಬಿಡುತ್ತೇನೆ: ಎ ವಿಂಗಿನಲ್ಲಿ ಒಂದು ಸ್ಲ್ಯಾಬಿಗೆ ಸರಾಸರಿ 23 ದಿನ ಹಿಡಿದಿತ್ತು, ಬಿ ವಿಂಗಿನಲ್ಲಿ 14. ಅದೇ ನಕ್ಷೆ, ಅದೇ ಪ್ಲೈವುಡ್, ಹೆಚ್ಚುಕಡಿಮೆ ಅದೇ ಜನ.

ಎ ವಿಂಗಿನ ಕಥೆ 2024ರ ಜನವರಿಯದು. 13ನೇ ತಾರೀಖು ಶನಿವಾರ ನಾಲ್ಕನೆಯ ಸ್ಲ್ಯಾಬ್ ಎಂದು ಕಚೇರಿಯಿಂದ ಚಾರ್ಟ್ ಬಂದಿತ್ತು. ಎಂ30 ದರ್ಜೆಯ ಕಾಂಕ್ರೀಟ್, 75–80 ಘನ ಮೀಟರ್, ಪಂಪ್ ಬುಕ್ ಆಗಿದೆ. 11ಕ್ಕೆ ಎಳ್ಳಮಾವಾಸ್ಯೆ, ಹೊಲಕ್ಕೆ ಹೋಗಿ ಭೂತಾಯಿಗೆ ಎಡೆ ಮಾಡುವ ನಮ್ಮ ಕಡೆಯ ರೈತರ ಹಬ್ಬ. ನಮ್ಮ ಶೆಡ್ಡಿನ ನಲವತ್ತೆರಡು ಮಂದಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನ ಯಾದಗಿರಿ, ಕಲಬುರಗಿ ಕಡೆಯವರು. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿ, ಹೊಲದಲ್ಲಿ ಚರಗ (ಆ ಎಡೆಯ ಅಡುಗೆ) ಚೆಲ್ಲಿ ಬೆಳೆದ ನನಗೆ ಇದು ಹೊಳೆಯದೇ ಹೋಯಿತಲ್ಲ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ. ಕೂಲಿಯವರ ಮುಖಂಡನಾದ ಮುಕಾದಮನನ್ನು ಕೇಳಿದ್ದೆ. "ಯಾರೂ ಹೋಗುವುದಿಲ್ಲ ಸಾಹೇಬರೇ" ಎಂದಿದ್ದ. ಬುಧವಾರ ನೋಡಿದರೆ ಶೆಡ್ಡಿನಲ್ಲಿ ಹನ್ನೊಂದೇ ಜನ. ಉಳಿದವರೆಲ್ಲ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ದರು.

ಪಂಪ್ ರದ್ದು ಮಾಡಿದ್ದರೆ ಮುಗಿಯುತ್ತಿತ್ತು. ಹಟಕ್ಕೆ ಬಿದ್ದು ದಿನಗೂಲಿಯವರು ನಿಲ್ಲುವ ನಾಕಾದಿಂದ ಇಪ್ಪತ್ತು ಜನರನ್ನು ಕರೆತಂದೆ. ಕಾಂಕ್ರೀಟನ್ನು ಅಲುಗಿಸಿ ಗಟ್ಟಿಯಾಗಿ ಕೂರಿಸುವ ವೈಬ್ರೇಟರಿನ ನೀಡಲ್ ಹಿಡಿದವನು ಅದನ್ನು ಕಂಬ–ತೊಲೆ ಕೂಡುವಲ್ಲಿ ಇಳಿಸಲೇ ಇಲ್ಲ, ಮೇಲಿಂದ ಮೇಲೆ ಆಡಿಸಿದ. ಎರಡು ಕಾಂಕ್ರೀಟ್ ವಾಹನಗಳ ನಡುವೆ ಮೂರು ತಾಸು ಅಂತರ ಬಿದ್ದು ಕೋಲ್ಡ್ ಜಾಯಿಂಟ್ ಆಯಿತು, ಅಂದರೆ ಹಳೆಯ ಕಾಂಕ್ರೀಟಿಗೆ ಹೊಸದು ಬೆಸೆಯಲಿಲ್ಲ. ಸೆಂಟ್ರಿಂಗ್ (ಆಸರೆಯ ಹಲಗೆ, ಜ್ಯಾಕ್‌ಗಳು) ಬಿಚ್ಚಿದಾಗ ಆರು ಕಡೆ ಕಾಂಕ್ರೀಟಿನಲ್ಲಿ ಜೇನುಗೂಡಿನಂಥ ಪೊಳ್ಳು. ಗ್ರೌಟಿಂಗ್, ದುರಸ್ತಿ, ವಾಪಸ್ ಕಳಿಸಿದ ಒಂದು ವಾಹನ, ಸುಮ್ಮನೆ ನಿಂತ ಸೆಂಟ್ರಿಂಗಿನ ದಿನಬಾಡಿಗೆ ಏಳೆಂಟು ಸಾವಿರ, ಎಲ್ಲ ಸೇರಿ ಒಂದೂ ಮುಕ್ಕಾಲು ಲಕ್ಷದ ಹತ್ತಿರ ಹೋಯಿತು.

ಆಮೇಲೆ ಮಾಡಿದ್ದು ಇನ್ನೂ ದಡ್ಡತನ. ಎಲ್ಲರೂ ಮಾಡುವಂತೆ ಎರಡು ವಾರದ ಬಟವಾಡೆ (ಕೂಲಿ) ತಡೆಹಿಡಿದೆ, ದುಡ್ಡಿಗಾದರೂ ಬಂದೇ ಬರುತ್ತಾರೆ ಎಂದು. ಎಂಟು ಜನ ಬರಲೇ ಇಲ್ಲ. ಹಿಂಜವಡಿಯ ಇನ್ನೊಂದು ಸೈಟಿಗೆ ಸೇರಿದರು, ಅವರಲ್ಲಿ ಕಂಬಿ ಬಾಗಿಸಿ ಕಟ್ಟುವ ನನ್ನ ಅತ್ಯುತ್ತಮ ಬಾರ್‌ಬೆಂಡರ್ ಇಬ್ಬರು. ನಂತರ ಬೋನಸ್ ಹಚ್ಚಿದೆ: 16 ದಿನದೊಳಗೆ ಸ್ಲ್ಯಾಬ್ ಆದರೆ ಮುಕಾದಮನ ಗುಂಪಿಗೆ ಹತ್ತು ಸಾವಿರ. ಆಯಿತು, 15 ದಿನಕ್ಕೇ ಆಯಿತು! ಕಂಬಿಯನ್ನು ತಳದಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್‌ಗಳ ಚೀಲ ಮಾತ್ರ ಮೂಲೆಯಲ್ಲಿ ತುಂಬಿದಂತೆಯೇ ಕುಳಿತಿತ್ತು. ಪ್ಲೈವುಡ್ ತೆಗೆದರೆ ಸ್ಲ್ಯಾಬಿನ ತಳದಲ್ಲಿ ಕಂಬಿಯ ಗೆರೆಗಳು ಹಲ್ಲು ಕಿರಿಯುತ್ತಿದ್ದವು. ಬೋನಸ್ ಅಲ್ಲಿಗೇ ನಿಂತಿತು.

ದಾರಿ ತೋರಿಸಿದವಳು ಕ್ಯೂರಿಂಗಿಗೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗಲು, ನೀರು ಬಿಡುವ ಹೆಂಗಸು. "ಅಣ್ಣಾ, ಊರಿಗೆ ಯಾವಾಗ ಹೋಗುತ್ತೀರಿ ಎಂದು ಗಂಡಸರನ್ನು ಕೇಳಿದರೆ ಹೆದರಿ ಇಲ್ಲ ಎನ್ನುತ್ತಾರೆ. ನಮ್ಮನ್ನು ಕೇಳಬಾರದೇ?" ಎಂದಳು. ಕೇಳಿದೆ. ಅರ್ಧ ತಾಸಿನಲ್ಲಿ ಮುಂದಿನ ನಾಲ್ಕು ತಿಂಗಳ ಮದುವೆ, ಜಾತ್ರೆ, ಜವಳ, ಸಾಲದ ಕಂತು ಎಲ್ಲ ಹೊರಬಿದ್ದವು. ಗೋದಾಮಿನ ಗೋಡೆಗೆ ಒಂದು ಕರಿಹಲಗೆ ಬಡಿದು, ಎಡಕ್ಕೆ ಸ್ಲ್ಯಾಬಿನ ತಾರೀಖು, ಬಲಕ್ಕೆ ಊರಿನ ತಾರೀಖುಗಳನ್ನು ಕನ್ನಡದಲ್ಲೇ ಬರೆಸಿದೆ. ಓದಲು ಬಾರದವರಿಗೆ ಬೇರೆಯವರು ಓದಿ ಹೇಳುತ್ತಿದ್ದರು. ಮೊದಲು ವಾಟ್ಸ್ಆ್ಯಪ್ ಗುಂಪು ಮಾಡಿ ನೋಡಿದ್ದೆ, ಅಲ್ಲಿ ಶುಭೋದಯದ ಹೂಗಳ ಕೆಳಗೆ ತಾರೀಖು ಹುಗಿದುಹೋಗುತ್ತಿತ್ತು.

ಹಲಗೆಯನ್ನು ನೋಡುತ್ತಾ ನಿಂತಾಗ ಹೊಳೆದದ್ದು ಇಷ್ಟು. ಸ್ಲ್ಯಾಬ್ ಹಾಕಿದ ಮೇಲೆ ಹೇಗೂ ನಾಲ್ಕೈದು ದಿನ ಕೆಲಸ ತೆಳುವಾಗಿರುತ್ತದೆ. ಮೇಲೆ ಕಂಬದ ಸ್ಟಾರ್ಟರ್ (ಬುಡದ ಗಿಡ್ಡ ಕಾಂಕ್ರೀಟ್), ಕೆಳಗೆ ಮುಟ್ಟಬಾರದ ಜ್ಯಾಕ್‌ಗಳು. ಹಬ್ಬವನ್ನು ಆ ತೆಳುವಿನೊಳಗೆ ಕೂರಿಸಿದರೆ? ಹಬ್ಬಕ್ಕೆ ಮೂರು ದಿನ ಮೊದಲು ಸ್ಲ್ಯಾಬ್, ಮರುದಿನ ಕೂಲಿಯ ಪೂರ್ತಿ ಹಿಸಾಬು, ಒಂದು ಪೈಸೆಯನ್ನೂ ಹಿಡಿದಿಟ್ಟುಕೊಳ್ಳದೆ. ಜೊತೆಗೆ ವಾಪಸ್ ಬರುವ ರೈಲಿನ ಸ್ಲೀಪರ್ ಟಿಕೆಟ್, ನಮ್ಮ ಖರ್ಚಿನಲ್ಲಿ. ಲೆಕ್ಕಪತ್ರ ವಿಭಾಗದವರು ಇದಕ್ಕೆ ಕುಣಿದಾಡಿದರು. ಟಿಕೆಟ್ಟಿಗೆ ಒಟ್ಟು ಹತ್ತು ಸಾವಿರವೂ ಆಗಲಿಲ್ಲ, ಸೆಂಟ್ರಿಂಗಿನ ಒಂದೂವರೆ ದಿನದ ಬಾಡಿಗೆ. ಜುಲೈ 17ರ ಮೊಹರಂ ಮೊದಲ ಪರೀಕ್ಷೆ. ನಮ್ಮ ಕಡೆ ಮೊಹರಂನ ಅಲಾವಿ ಕುಣಿಯಲು ಎಲ್ಲ ಜಾತಿಯವರೂ ಊರಿಗೆ ಓಡುತ್ತಾರೆ ಎಂಬುದು ಪುಣೆಯ ಪ್ಲಾನರ್‌ಗೆ ಹೇಗೆ ಗೊತ್ತಾಗಬೇಕು? ಅದೂ ವರ್ಷವರ್ಷ ಹತ್ತು–ಹನ್ನೊಂದು ದಿನ ಹಿಂದಕ್ಕೆ ಜಾರುವ ಹಬ್ಬ, ಹಳೆಯ ಚಾರ್ಟ್ ನೋಡಿದರೆ ಸಿಗುವುದಿಲ್ಲ. ಇಪ್ಪತ್ತೆಂಟು ಜನ ಹೋದರು, ಇಪ್ಪತ್ತಾರು ಜನ ಟಿಕೆಟ್ಟಿನ ದಿನವೇ ಬಂದರು. ಒಬ್ಬನಂತೂ ತನ್ನ ತಮ್ಮನನ್ನೂ ಕರೆತಂದ.

ಹಬ್ಬದ ದಿನಗಳಲ್ಲಿ ನೀರು ಯಾರು ಬಿಡಬೇಕು ಎಂಬ ತಲೆನೋವು ಉಳಿದಿತ್ತು. ನಮ್ಮ ಕಾಂಕ್ರೀಟಿನಲ್ಲಿ ಹಾರುಬೂದಿ ಇರುವುದರಿಂದ 10 ದಿನ ಕ್ಯೂರಿಂಗ್ ಬೇಕೇ ಬೇಕು. ಕಂಬಗಳಿಗೆ ತೇವ ಆರದಂತೆ ತಡೆಯುವ ಕ್ಯೂರಿಂಗ್ ಕಾಂಪೌಂಡ್ ಹೊಡೆಸಿ ನೋಡಿದೆ. ದುಬಾರಿ, ಮೇಲಾಗಿ ಪ್ಲಾಸ್ಟರ್‌ನವನು ಗೊಣಗಿದ. ಗೋಣಿತಾಟು ಸುತ್ತಿ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದು ಚೆನ್ನಾಗಿ ನಿಂತಿತು. ಸ್ಲ್ಯಾಬಿನ ಮೇಲೆ ಎಂದಿನಂತೆ ಗಾರೆಯ ಬದು ಕಟ್ಟಿ ನೀರು ನಿಲ್ಲಿಸಿದೆವು, ಮೂರೇ ಜನ ಸಾಕಾದರು. ಇದೇ ಹುರುಪಿನಲ್ಲಿ ಶೆಡ್ಡಿನಲ್ಲಿ ಜೋಳದ ರೊಟ್ಟಿ ಮಾಡುವ ಒಬ್ಬ ಅವ್ವನನ್ನೂ ಇಟ್ಟೆ. ಸೋಮವಾರದ ಗೈರುಹಾಜರಿ ಅರ್ಧಕ್ಕೆ ಇಳಿಯಿತು. ರೊಟ್ಟಿಯಿಂದಲೋ, ಶನಿವಾರದ ಬಟವಾಡೆಯನ್ನು ಭಾನುವಾರ ಬೆಳಿಗ್ಗೆಗೆ ಸರಿಸಿದ್ದರಿಂದಲೋ, ಎರಡನ್ನೂ ಒಟ್ಟಿಗೆ ಮಾಡಿ ನಾನೇ ಲೆಕ್ಕ ಕೆಡಿಸಿಕೊಂಡೆ.

ಕಾಂಕ್ರೀಟ್ ಕಲಸುವ ಬ್ಯಾಚಿಂಗ್ ಪ್ಲಾಂಟಿನಿಂದ ಮೊದಲ ವಾಹನ ಹೇಳಿದ ಹೊತ್ತಿಗೆ ಬರುವಂತೆ ಹೇಗೆ ಮಾಡುತ್ತೀರಿ ಎಂದು ಬಹಳ ಜನ ಕೇಳುತ್ತಾರೆ. ಅದನ್ನು ಬರೆಯುವುದಿಲ್ಲ. ಇನ್ನೂ ಹತ್ತು ವರ್ಷ ನೌಕರಿ ಮಾಡಬೇಕಾಗಿದೆ. ಹಾಜರಿ ಪುಸ್ತಕದಲ್ಲಿ ನಾನು ಹಾಕುವ ಹಸಿರು ಚುಕ್ಕೆಯ ಅರ್ಥವನ್ನೂ ಹೇಳುವುದಿಲ್ಲ.

ಆ ಡಿಸೆಂಬರ್ 30ಕ್ಕೆ ಮತ್ತೆ ಎಳ್ಳಮಾವಾಸ್ಯೆ. 26ರ ರಾತ್ರಿ ಹತ್ತಕ್ಕೆ ಕೊನೆಯ ವಾಹನ ಖಾಲಿಯಾಯಿತು, 27ಕ್ಕೆ ಹಿಸಾಬು, 28ಕ್ಕೆ ಶೆಡ್ ಖಾಲಿ. ವಾಪಸ್ ಬಂದವರು ಸಜ್ಜೆ ರೊಟ್ಟಿಯ ಗಂಟು ತಂದುಕೊಟ್ಟರು, ಪ್ಲಾನರ್‌ಗೂ ಎರಡು ಕೊಟ್ಟೆ.

ಈಗ ಸಿ ವಿಂಗ್ ನಡೆಯುತ್ತಿದೆ. ಹಲಗೆಯ ಬಲಕ್ಕೆ ಮುಕಾದಮನ ಮಗಳ ಕುಬಸ (ಸೀಮಂತ) ಎಂದು ಯಾರೋ ಬರೆದಿದ್ದಾರೆ, ನೇರವಾಗಿ ಐದನೆಯ ಸ್ಲ್ಯಾಬಿನ ದಿನವೇ. ಕುಬಸದ ಮುಹೂರ್ತ ಸರಿಯುವುದಿಲ್ಲವಂತೆ. ಪಂಪಿನವನಿಗೆ ಆಗಲೇ ಫೋನ್ ಮಾಡಿದ್ದೇನೆ.